ನಿಲ್ಲಿಸಿಟ್ಟ ಟ್ರೇಲರಿನೊಳಗೆ ಇಲಿ: ಕಂಡ ಲಕ್ಷಣದಿಂದ ಒಳಬಂದ ತೂತಿನವರೆಗೆ

ಕಾರಿನ ಹಿಂದೆ ಕಟ್ಟಿಕೊಂಡು ಬೇಸಿಗೆಯಲ್ಲಿ ಊರೂರು ಸುತ್ತುವ ಸಣ್ಣ ಟ್ರೇಲರ್ ವರ್ಷದ ಉಳಿದ ದಿನಗಳಲ್ಲಿ ನಿಂತಲ್ಲೇ ನಿಂತಿರುತ್ತದೆ. ಅಮೆರಿಕದ ರಾಕಿ ಪರ್ವತಗಳ ಸೀಮೆಯಲ್ಲಿ ಅಕ್ಟೋಬರಿನಿಂದ ಏಪ್ರಿಲಿನವರೆಗೆ ಅದನ್ನು ಹೊರತೆಗೆಯುವವರು ಕಡಿಮೆ. ಒಳಗೆ ಹಾಸಿಗೆಯ ಫೋಮ್ ಇದೆ, ಗೋಡೆಯ ಎರಡು ಹಲಗೆಗಳ ನಡುವೆ ಬೆಚ್ಚನೆಯ ಹೊದಿಕೆ ಇದೆ, ಶೌಚಾಲಯದಲ್ಲಿ ಮರೆತ ಕಾಗದದ ಸುರುಳಿ ಇದೆ, ಮೇಲಿನ ಕಪಾಟಿನಲ್ಲಿ ಅರ್ಧ ಪೊಟ್ಟಣ ಹುರಿಗಡಲೆಯೂ ಇರಬಹುದು. ಹೊರಗೆ ಹಿಮ ಬೀಳುವಾಗ ಚಿಟ್ಟಿಲಿಗೆ ಇದಕ್ಕಿಂತ ಒಳ್ಳೆಯ ಬಾಣಂತಿಕೋಣೆ ಸಿಗಲಾರದು.

ಕೊಲರಾಡೊದಲ್ಲಿ, ಡೆನ್ವರಿನ ಉತ್ತರಕ್ಕಿರುವ ಒಂದು ಬಯಲಿನಲ್ಲಿ ನಿಲ್ಲಿಸುತ್ತಿದ್ದ ನಮ್ಮ ಹದಿನಾರು ಅಡಿಯ ಟ್ರೇಲರಿನೊಡನೆ ಮೂರು ಚಳಿಗಾಲ ಗುದ್ದಾಡಿದ ಮೇಲೆ ಈ ಕೈಪಿಡಿಯನ್ನು ಬರೆಯುತ್ತಿದ್ದೇನೆ. ಮೊದಲ ವರ್ಷ ನಾನು ಬೋನುಗಳನ್ನೇ ನಂಬಿದೆ. ಏಳು ಇಲಿ ಬಿದ್ದವು, ಎಂಟನೆಯದು ಹಾಸಿಗೆಯನ್ನು ಹರಿಯಿತು. ಎರಡನೆಯ ವರ್ಷ ದುರಸ್ತಿ ಅಂಗಡಿಯೊಂದಕ್ಕೆ ಹಣ ಕೊಟ್ಟು ನೆಲದ ತೂತುಗಳನ್ನು ಉಬ್ಬುವ ಫೋಮಿನಿಂದ ತುಂಬಿಸಿದೆ. ಇಲಿಗಳು ಆ ಫೋಮನ್ನು ಕಡಿದು ಗೂಡಿಗೆ ಮೆತ್ತೆ ಮಾಡಿಕೊಂಡವು. ಮೂರನೆಯ ವರ್ಷ ಮಾತ್ರ ಕೆಲಸವನ್ನು ಸರಿಯಾದ ಕ್ರಮದಲ್ಲಿ ಮಾಡಿದೆ: ಲಕ್ಷಣವನ್ನು ಓದಿ, ಒಳಬಂದ ತೂತನ್ನು ಹುಡುಕಿ, ಹಲ್ಲಿಗೆ ಬಗ್ಗದ ವಸ್ತುವಿನಿಂದ ಮುಚ್ಚಿ, ಆಮೇಲೆ ಒಳಗೆ ಉಳಿದವನ್ನು ಹಿಡಿಯುವುದು. ಮುಂದಿನ ಭಾಗಗಳೆಲ್ಲ ಈ ಕ್ರಮಕ್ಕೇ ತಂದು ಮುಟ್ಟಿಸುತ್ತವೆ.

ಬಾಗಿಲು ತೆರೆದ ಕೂಡಲೇ ಪೊರಕೆ ಹಿಡಿಯಬೇಡಿ

ಕರ್ನಾಟಕದಲ್ಲಿ ಬೆಳೆದವರಿಗೆ ಇಲಿ ಜ್ವರ ಎಂದರೆ ಮಳೆಗಾಲ, ಗದ್ದೆಯ ಕೆಸರು, ನಿಂತ ನೀರು. ಆ ರೋಗಾಣು ಒದ್ದೆಯಲ್ಲಿ ಬದುಕುತ್ತದೆ, ಗಾಯವಾದ ಚರ್ಮದ ಮೂಲಕ ಮೈಸೇರುತ್ತದೆ. ಅಮೆರಿಕದ ಪಶ್ಚಿಮ ಭಾಗದಲ್ಲಿ ಹೆದರಬೇಕಾದ ಹಂಟಾ ವೈರಸ್ಸು ಮುಖ್ಯವಾಗಿ ಒಣಧೂಳಿನಲ್ಲಿ ಬರುತ್ತದೆ. ಸೋಂಕಿರುವ ಇಲಿಯ ಮೂತ್ರ, ಹಿಕ್ಕೆ, ಗೂಡಿನ ಕಸ ಒಣಗಿ ಪುಡಿಯಾಗಿ ಗಾಳಿಯಲ್ಲಿ ಬೆರೆತಾಗ ಅದನ್ನು ಉಸಿರಾಡಿದವರಿಗೆ ರೋಗ ತಗಲುತ್ತದೆ. 1993ರಲ್ಲಿ ಕೊಲರಾಡೊ, ಯೂಟಾ, ಅರಿಜೋನಾ, ನ್ಯೂ ಮೆಕ್ಸಿಕೊ ರಾಜ್ಯಗಳು ಕೂಡುವ ಸೀಮೆಯಲ್ಲಿ ಆರೋಗ್ಯವಂತ ಯುವಜನರು ಉಸಿರು ಕಟ್ಟಿ ಸತ್ತಾಗ ಈ ರೋಗ ಮೊದಲ ಬಾರಿಗೆ ಗುರುತಿಗೆ ಬಂತು. 2012ರಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದ ಹತ್ತು ಮಂದಿಗೆ ಸೋಂಕು ತಗಲಿ ಮೂವರು ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ತಂಗಿದ್ದ ಡೇರೆಮನೆಗಳಿಗೆ ಎರಡು ಪದರದ ಗೋಡೆಯಿತ್ತು, ಪದರಗಳ ನಡುವಿನ ಹೊದಿಕೆಯಲ್ಲಿ ಇಲಿಗಳು ಗೂಡು ಕಟ್ಟಿದ್ದವು. ಟ್ರೇಲರಿನ ಗೋಡೆಯ ರಚನೆಯೂ ಹೆಚ್ಚು ಕಡಿಮೆ ಅದೇ ಆದ್ದರಿಂದ ನಾನು ಈ ಘಟನೆಯನ್ನು ಮರೆಯುವುದಿಲ್ಲ.

ಆದುದರಿಂದ ಹಿಕ್ಕೆ ಕಂಡರೆ ಗುಡಿಸಬಾರದು, ವ್ಯಾಕ್ಯೂಮ್ ಹಾಕಬಾರದು, ಬಟ್ಟೆ ಕೊಡವಬಾರದು. ಬಾಗಿಲು ಕಿಟಕಿಗಳನ್ನೆಲ್ಲ ತೆರೆದು ಕನಿಷ್ಠ ಅರ್ಧ ಗಂಟೆ ಹೊರಗೇ ಇರಬೇಕು. ಬಳಿಕ ರಬ್ಬರ್ ಕೈಗವಸು ಹಾಕಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿದ ದ್ರಾವಣವನ್ನು ಹಿಕ್ಕೆಯ ಮೇಲೆ ಚೆನ್ನಾಗಿ ತೊಯ್ಯುವಂತೆ ಸಿಂಪಡಿಸಿ, ಐದು ನಿಮಿಷ ನೆನೆಯಲು ಬಿಟ್ಟು, ಕಾಗದದ ಟವೆಲಿನಿಂದ ಒರೆಸಿ, ಎರಡು ಪದರ ಚೀಲದಲ್ಲಿ ಕಟ್ಟಿ ಎಸೆಯಬೇಕು. ದ್ರಾವಣವನ್ನು ಆಯಾ ದಿನವೇ ಬೆರೆಸಿಕೊಳ್ಳಬೇಕು, ಅಮೋನಿಯ ಇರುವ ಯಾವ ಶುಚಿದ್ರವದೊಡನೆಯೂ ಸೇರಿಸಬಾರದು. ಗೂಡು ಗೋಡೆಯೊಳಗೆಲ್ಲ ಹಬ್ಬಿದ್ದರೆ, ಅಥವಾ ಮುಟ್ಟಿದಲ್ಲೆಲ್ಲ ಧೂಳು ಏಳುವಷ್ಟು ಕಸವಿದ್ದರೆ ಅಲ್ಲಿಗೇ ನಿಲ್ಲಿಸಿ, ಇಂಥ ಕೆಲಸಕ್ಕೆ ತಕ್ಕ ಮುಖಕವಚ ಮತ್ತು ತರಬೇತಿ ಇರುವವರನ್ನು ಕರೆಯಿರಿ. ಅಂಗಡಿಯ ತೆಳು ಬಟ್ಟೆಯ ಮಾಸ್ಕ್ ಅಲ್ಲಿ ಸಾಲದು.

ಶುಚಿ ಮಾಡಿದ ಒಂದರಿಂದ ಎಂಟು ವಾರದೊಳಗೆ ಜ್ವರ ಬಂದು ತೊಡೆ, ಸೊಂಟ, ಬೆನ್ನು ವಿಪರೀತ ನೋಯತೊಡಗಿದರೆ ವೈದ್ಯರ ಬಳಿ ಹೋಗಿ "ಇಲಿ ಹಿಕ್ಕೆ ತೆಗೆದಿದ್ದೆ" ಎಂದು ಮೊದಲ ಮಾತಿನಲ್ಲೇ ಹೇಳಬೇಕು. ಕೆಮ್ಮು, ಉಬ್ಬಸ ಶುರುವಾದ ಮೇಲೆ ಕಾಯುವಂತಿಲ್ಲ. ಶ್ವಾಸಕೋಶಕ್ಕೆ ಇಳಿದ ಹಂತದಲ್ಲಿ ನೂರರಲ್ಲಿ ಸುಮಾರು 38 ಮಂದಿ ಉಳಿಯುವುದಿಲ್ಲ, ಅದಕ್ಕೆಂದೇ ಇರುವ ಔಷಧವೂ ಇಲ್ಲ.

ಡ್ರಾಯರಿನಲ್ಲಿ, ಸಿಂಕಿನ ಕೆಳಗೆ ಕಪ್ಪು ಕಾಳಿನಂಥ ಹಿಕ್ಕೆ

ಯಾವ ಪ್ರಾಣಿಯ ಹಿಕ್ಕೆ, ಎಷ್ಟು ಹಳೆಯದು ಎಂಬುದನ್ನು ತಿಳಿಯಲು ಖರ್ಚೇನೂ ಇಲ್ಲ. ತುದಿ ಚೂಪಾಗಿದ್ದು 3ರಿಂದ 6 ಮಿಲಿಮೀಟರ್ ಉದ್ದವಿದ್ದರೆ ಚಿಟ್ಟಿಲಿಯದು. ಒಂದೂಕಾಲು ಒಂದೂವರೆ ಸೆಂಟಿಮೀಟರ್ ಇದ್ದರೆ ದೊಡ್ಡ ಇಲಿಯದು. ಉದ್ದುದ್ದ ಗೆರೆಯಿರುವ, ತುದಿ ಮೊಂಡಾದ ಸಣ್ಣ ಕಾಳು ಜಿರಳೆಯದೂ ಆಗಬಹುದು. ಈ ವ್ಯತ್ಯಾಸ ಮುಖ್ಯ ಏಕೆಂದರೆ ಚಿಟ್ಟಿಲಿಗೆ ಕಾಲಿಂಚಿನ ಸಂದು ಸಾಕು, ದೊಡ್ಡ ಇಲಿಗೆ ಅರ್ಧ ಇಂಚು ಬೇಕು. ಪೆನ್ಸಿಲು ತೂರುವ ತೂತಿನಲ್ಲಿ ಚಿಟ್ಟಿಲಿ ತೂರುತ್ತದೆ ಎಂದು ಲೆಕ್ಕ ಇಟ್ಟುಕೊಂಡರೆ ತಪ್ಪಾಗದು.

ಹೊಸ ಹಿಕ್ಕೆ ಕಪ್ಪಗೆ, ಮೆತ್ತಗೆ, ಸ್ವಲ್ಪ ಹೊಳಪಾಗಿರುತ್ತದೆ. ಹಳೆಯದು ಬೂದು ಬಣ್ಣಕ್ಕೆ ತಿರುಗಿ ಪುಡಿಯಾಗುತ್ತದೆ. ಆದರೆ ಇದನ್ನು ಕೈಯಿಂದ ಒತ್ತಿ ನೋಡುವ ಅಗತ್ಯವಿಲ್ಲ. ಮೇಲೆ ಹೇಳಿದಂತೆ ಎಲ್ಲವನ್ನೂ ಒರೆಸಿ ತೆಗೆದು, ಡ್ರಾಯರುಗಳಿಗೆ ಬಿಳಿ ಕಾಗದ ಹಾಸಿ, ಎರಡು ದಿನ ಬಿಟ್ಟು ನೋಡಿ. ಕಾಗದ ಬಿಳಿಯಾಗಿಯೇ ಇದ್ದರೆ ನೀವು ಕಂಡದ್ದು ಹಳೆಯ ಕಥೆ. ಹೊಸ ಕಾಳು ಬಿದ್ದಿದ್ದರೆ ಬಾಡಿಗೆದಾರರು ಇನ್ನೂ ಒಳಗಿದ್ದಾರೆ ಎಂದರ್ಥ.

ಇಲಿಯೇ ಕಣ್ಣಿಗೆ ಬಿದ್ದರೆ ಬಾಲವನ್ನು ಗಮನಿಸಿ. ಮೇಲೆ ಕಂದು, ಕೆಳಗೆ ಬಿಳಿ ಎಂದು ಬಾಲ ಎರಡು ಬಣ್ಣದ್ದಾಗಿದ್ದು, ಹೊಟ್ಟೆಯೂ ಪಾದವೂ ಬಿಳಿಯಾಗಿದ್ದು, ಕಣ್ಣು ಕಿವಿಗಳು ಮುಖಕ್ಕೆ ದೊಡ್ಡವೆನಿಸಿದರೆ ಅದು ಡಿಯರ್ ಮೌಸ್, ಪಶ್ಚಿಮದಲ್ಲಿ ಹಂಟಾ ವೈರಸ್ಸನ್ನು ಹೊರುವ ಮುಖ್ಯ ಜಾತಿ. ನೋಡಲು ಮುದ್ದಾಗಿರುತ್ತದೆ, ಅದಕ್ಕೆ ಮಾತ್ರ ಈ ಸೋಂಕಿನಿಂದ ಏನೂ ಆಗುವುದಿಲ್ಲ. ಮೈಯೆಲ್ಲ ಒಂದೇ ಬೂದುಗಂದು, ಬಾಲ ಬೋಳು ಎಂದರೆ ಮನೆಯ ಚಿಟ್ಟಿಲಿ. ಮುಳ್ಳುಕಡ್ಡಿ, ಕಳ್ಳಿಯ ತುಂಡು, ಬಾಟಲಿಯ ಮುಚ್ಚಳ, ನಿಮ್ಮದೇ ಕಳೆದುಹೋದ ಚಮಚ ಒಂದೇ ರಾಶಿಯಲ್ಲಿ ಸಿಕ್ಕರೆ ಅದು ಪ್ಯಾಕ್ ರ‍್ಯಾಟ್. ಅದು ಬರುವುದು ದೊಡ್ಡ ತೂತಿನಿಂದ, ಹುಡುಕುವುದು ಸುಲಭ.

ಹಿಕ್ಕೆ ಇದೆ, ಬಂದ ದಾರಿ ತಿಳಿಯುತ್ತಿಲ್ಲ

ನನ್ನ ಅನುಭವದಲ್ಲಿ ಜನ ಸೋಲುವುದು ಇಲ್ಲಿಯೇ. ಹೊರಗಿನಿಂದ ಟ್ರೇಲರನ್ನು ಸುತ್ತಿ ನೋಡಿ "ಎಲ್ಲಿಯೂ ತೂತಿಲ್ಲ" ಎನ್ನುತ್ತಾರೆ. ತೂತುಗಳು ಕಣ್ಣಿನ ಮಟ್ಟದಲ್ಲಿರುವುದಿಲ್ಲ, ಹೊಟ್ಟೆಯ ಕೆಳಗಿರುತ್ತವೆ. ಕಾರ್ಖಾನೆಯಲ್ಲಿ ಒಂದೂವರೆ ಇಂಚಿನ ಕೊಳವೆಯನ್ನು ಇಳಿಸಲು ಮೂರು ಇಂಚಿನ ತೂತು ಕೊರೆದು, ಉಳಿದ ಜಾಗವನ್ನು ಹಾಗೇ ಬಿಟ್ಟಿರುವುದು ಅಪರೂಪವೇನಲ್ಲ.

ಮೊದಲು ಖರ್ಚಿಲ್ಲದ ಪರೀಕ್ಷೆ. ಕತ್ತಲಾದ ಮೇಲೆ ಒಳಗಿನ ಎಲ್ಲ ಡ್ರಾಯರುಗಳನ್ನು ಹೊರತೆಗೆದು, ಕಪಾಟಿನ ಬಾಗಿಲುಗಳನ್ನು ತೆರೆದು, ಹಾಸಿಗೆಯ ಕೆಳಗಿನ ಹಲಗೆ ಎತ್ತಿ, ಪ್ರಖರವಾದ ದೀಪವನ್ನು ಒಂದೊಂದು ಮೂಲೆಯಲ್ಲಿಟ್ಟು, ಹೊರಗೆ ಬಂದು ನೆಲಕ್ಕೆ ಬೆನ್ನು ಹಚ್ಚಿ ಕೆಳಗಿನಿಂದ ನೋಡಬೇಕು. ಬೆಳಕು ಸೋರಿದ ಕಡೆಗಳನ್ನೆಲ್ಲ ಸೀಮೆಸುಣ್ಣದಿಂದ ಗುರುತು ಮಾಡಿ. ಕೆಳಗೆ ತೆವಳುವ ಮುನ್ನ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಕೊಟ್ಟಿರಬೇಕು. ಬರಿಯ ಜ್ಯಾಕಿನ ಮೇಲೆ ಎತ್ತಿ ನಿಲ್ಲಿಸಿದ ಟ್ರೇಲರಿನ ಕೆಳಗೆ ತಲೆ ಹಾಕಲೇಬಾರದು. ನಮ್ಮ ಟ್ರೇಲರಿನಲ್ಲಿ ಸ್ನಾನದ ತೊಟ್ಟಿಯ ನೀರಿನ ಕೊಳವೆಯ ಸುತ್ತ ಹುಣ್ಣಿಮೆಯ ಚಂದ್ರನಂತೆ ಬೆಳಕಿನ ಬಳೆಯೊಂದು ಕಂಡಿತು. ಎರಡು ಚಳಿಗಾಲ ನಾನು ಬೋನಿಟ್ಟ ಜಾಗದಿಂದ ಅದು ಒಂದು ಗೇಣು ದೂರದಲ್ಲಿತ್ತು.

ಹಗಲಿನಲ್ಲಿ ಇದನ್ನೇ ತಿರುವುಮುರುವಾಗಿ ಮಾಡಬಹುದು: ಪರದೆ ಎಳೆದು, ಬಾಗಿಲು ಮುಚ್ಚಿ, ಕಣ್ಣು ಕತ್ತಲಿಗೆ ಒಗ್ಗುವವರೆಗೆ ಐದು ನಿಮಿಷ ಸುಮ್ಮನೆ ಕುಳಿತರೆ ಒಲೆಯ ಹಿಂದೆ, ಚಕ್ರದ ಗೂಡಿನ ಅಂಚಿನಲ್ಲಿ ಬಿಸಿಲಿನ ಚುಕ್ಕೆಗಳು ಕಾಣುತ್ತವೆ.

ಕೆಳಭಾಗಕ್ಕೆ ಪ್ಲಾಸ್ಟಿಕ್ಕಿನ ಹಾಳೆ ಹೊದಿಸಿರುವ ಟ್ರೇಲರಿನಲ್ಲಿ ದೀಪದ ಪರೀಕ್ಷೆ ಪೂರ್ತಿ ಕೈಗೂಡುವುದಿಲ್ಲ, ಏಕೆಂದರೆ ಇಲಿ ಮೊದಲು ಹಾಳೆಗೂ ನೆಲಕ್ಕೂ ನಡುವಿನ ಪೊಳ್ಳಿಗೆ ಸೇರಿ, ಅಲ್ಲಿಂದ ಮೇಲೇರುತ್ತದೆ. ಆಗ ರಂಗೋಲಿ ಪುಡಿ ಬಳಸಿ. ತೀರ್ಥಹಳ್ಳಿಯ ಕಡೆಯ ಅಡಕೆ ಮನೆಯಲ್ಲಿ ಬೆಳೆದ ನಮ್ಮ ಮಾವನವರು ಇಲ್ಲಿಗೆ ಬಂದಿದ್ದಾಗ, ನಾನು ಗೋಧಿಹಿಟ್ಟು ಉದುರಿಸುವುದನ್ನು ಕಂಡು "ಹಿಟ್ಟು ಹಾಕಿ ಇಲಿಗೆ ಊಟಕ್ಕೆ ಕರೀತೀರೇನು?" ಎಂದು ನಕ್ಕು, ದೇವರ ಮುಂದಿನ ರಂಗೋಲಿ ಡಬ್ಬಿಯನ್ನು ತಂದುಕೊಟ್ಟರು. ಕಲ್ಲಿನ ಪುಡಿಯನ್ನು ಇಲಿ ತಿನ್ನುವುದಿಲ್ಲ, ಹೆಜ್ಜೆ ಮಾತ್ರ ಸ್ಪಷ್ಟವಾಗಿ ಮೂಡುತ್ತದೆ. ಶಂಕೆಯಿರುವ ಕಡೆಗಳಲ್ಲಿ ತೆಳುವಾಗಿ ಉದುರಿಸಿ, ಮರುದಿನ ಹೆಜ್ಜೆಗಳ ದಿಕ್ಕು ನೋಡಿ. ಎರಡು ಮೂರು ತೂತು ಕಂಡು, ಯಾವುದು ಬಳಕೆಯಲ್ಲಿದೆ ಎಂದು ತಿಳಿಯದಿದ್ದರೆ ಪ್ರತಿಯೊಂದಕ್ಕೂ ಕಾಗದದ ಉಂಡೆಯನ್ನು ಸಡಿಲವಾಗಿ ತುರುಕಿಡಿ. ಮರುದಿನ ಯಾವುದು ಹೊರಬಿದ್ದಿದೆಯೋ ಅದೇ ದಾರಿ. ದಾರಿಯ ಅಂಚಿನಲ್ಲಿ ಮೈಯ ಜಿಡ್ಡು ತಾಗಿದ ಕಪ್ಪು ಕಲೆಯೂ ಇರುತ್ತದೆ.

ತಪ್ಪದೆ ನೋಡಬೇಕಾದ ಜಾಗಗಳೆಂದರೆ ಸಿಂಕು, ಸ್ನಾನದ ತೊಟ್ಟಿ, ಶೌಚಾಲಯದ ಕೊಳವೆಗಳು ನೆಲ ತೂರುವ ಕಡೆ. ಗ್ಯಾಸಿನ ತಾಮ್ರದ ಕೊಳವೆ ಒಳಬರುವ ಕಡೆ. ಹೊರಗಿನ ವಿದ್ಯುತ್ತಿಗೆ ಜೋಡಿಸುವ ದಪ್ಪ ವೈರಿನ ಪುಟ್ಟ ಬಾಗಿಲು. ಕಾರಿಗೆ ಕಟ್ಟುವ ಮೂತಿಯಿಂದ ವೈರುಗಳ ಕಟ್ಟು ಒಳಹೋಗುವ ಮೂಲೆ. ಬಿಸಿನೀರಿನ ತೊಟ್ಟಿಯ ಹಿಂಬದಿ. ಚಕ್ರದ ಗೂಡು ನೆಲಕ್ಕೆ ಸೇರುವ ಅಂಚು. ದಪ್ಪ ವೈರಿನ ಬಾಗಿಲನ್ನು ವೈರು ಒಳಗೆಳೆದ ಮೇಲೆ ಮುಚ್ಚಲು ಮರೆಯುವುದು ಎಲ್ಲರೂ ಮಾಡುವ ತಪ್ಪು, ನಾನೂ ಮಾಡಿದ್ದೇನೆ.

ಮುಚ್ಚುವ ವಸ್ತುವಿನಲ್ಲಿ ಜುಗ್ಗತನ ಬೇಡ. ಉಬ್ಬುವ ಫೋಮ್ ಒಂದೇ ಇದ್ದರೆ ಇಲಿಗೆ ಅದು ತಡೆಯೇ ಅಲ್ಲ. ಪಾತ್ರೆ ತಿಕ್ಕುವ ಸಾದಾ ಉಕ್ಕಿನ ನಾರು ಒಂದು ಚಳಿಗಾಲದ ತೇವಕ್ಕೆ ತುಕ್ಕು ಹಿಡಿದು ಉದುರುತ್ತದೆ. ತಾಮ್ರದ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ನಾರನ್ನು ಬಿಗಿಯಾಗಿ ತುಂಬಿ, ಮೇಲೆ ಸಿಲಿಕೋನ್ ಅಥವಾ ಅದಕ್ಕೆ ಸಮನಾದ ಸೀಲಂಟ್ ಬಳಿದರೆ ಹಲ್ಲಿಗೆ ಬಗ್ಗುವುದಿಲ್ಲ. ಎರಡು ಬೆರಳು ತೂರುವಷ್ಟು ದೊಡ್ಡ ತೂತಿಗೆ ಕಾಲಿಂಚು ಕಣ್ಣಿನ ಕಬ್ಬಿಣದ ಜಾಲರಿಯನ್ನೋ ತಗಡನ್ನೋ ಕತ್ತರಿಸಿ, ವಾಷರ್ ಹಾಕಿ ಸ್ಕ್ರೂ ಬಿಗಿಯಬೇಕು. ಸ್ಕ್ರೂ ಹೊಡೆಯುವ ಮುನ್ನ ಹಲಗೆಯ ಆಚೆ ವೈರು ಅಥವಾ ಗ್ಯಾಸಿನ ಕೊಳವೆ ಇಲ್ಲವೆಂದು ಖಚಿತ ಮಾಡಿಕೊಳ್ಳಿ.

ಇನ್ನೊಂದು ಎಚ್ಚರ. ಎಲ್ಲ ಕಿಂಡಿಗಳೂ ಶತ್ರುಗಳಲ್ಲ. ಟ್ರೇಲರಿನೊಳಗನ್ನು ಬೆಚ್ಚಗಿಡುವ ಫರ್ನೇಸಿನ ಹೊಗೆಕೊಳವೆ, ಫ್ರಿಡ್ಜಿನ ಹಿಂದಿನ ಗಾಳಿಕಿಂಡಿಗಳು, ಸೋರಿದ ಪ್ರೋಪೇನ್ ಗ್ಯಾಸು ಹೊರಹೋಗಲೆಂದು ಸಿಲಿಂಡರ್ ಪೆಟ್ಟಿಗೆಯ ತಳದಲ್ಲಿ ಬಿಟ್ಟಿರುವ ರಂಧ್ರಗಳು, ಬ್ಯಾಟರಿ ಪೆಟ್ಟಿಗೆಯ ಕಿಂಡಿ — ಇವನ್ನು ಮುಚ್ಚಿದರೆ ಇಲಿಗಿಂತ ಮೊದಲು ಮನುಷ್ಯರಿಗೆ ಅಪಾಯ. ಇವಕ್ಕೆ ಆಯಾ ಉಪಕರಣಕ್ಕೆಂದೇ ಮಾಡಿದ ಜಾಲರಿಗಳು ಸಿಗುತ್ತವೆ. ಅವನ್ನೇ ಹಾಕಬೇಕು, ಮನೆಯಲ್ಲಿದ್ದ ಸೊಳ್ಳೆಪರದೆಯನ್ನಲ್ಲ.

ರಾತ್ರಿ ಕೆರೆಯುವ, ಓಡಾಡುವ ಸದ್ದು

ಹೊತ್ತು ಗೊತ್ತಾದರೆ ಪ್ರಾಣಿ ಗೊತ್ತಾಗುತ್ತದೆ. ಕತ್ತಲಾದ ಮೇಲೆ ಶುರುವಾಗಿ ಬೆಳಗಿನ ಜಾವಕ್ಕೆ ನಿಲ್ಲುವ ಸಣ್ಣ ಕೆರೆತ ಇಲಿಯದು. ಹಾಡಹಗಲು ಸೂರಿನ ಮೇಲೆ ದಡಬಡ ಎಂದರೆ ಅಳಿಲು; ಆಗ ನೆಲದ ತೂತುಗಳನ್ನು ಬಿಟ್ಟು, ಏಣಿ ಹಾಕಿ ಸೂರಿನ ಏಸಿಯ ಪ್ಲಾಸ್ಟಿಕ್ ಮುಚ್ಚಳದೊಳಗೆ ಗೂಡಿದೆಯೇ ಎಂದು ನೋಡಿ. ಸಣ್ಣ ಟ್ರೇಲರುಗಳ ಸೂರು ಮನುಷ್ಯನ ಭಾರಕ್ಕೆ ಮಾಡಿದ್ದಲ್ಲ, ಏಣಿಯ ಮೇಲಿಂದಲೇ ನೋಡಬೇಕು. ಗಾಳಿ ಬೀಸಿದಾಗ ಮಾತ್ರ ಬರುವ ಸದ್ದು ಯಾವುದೋ ಸಡಿಲ ಪಟ್ಟಿಯದು. ಇಲಿಯ ಮೇಲೆ ಎಲ್ಲ ಅಪವಾದವನ್ನೂ ಹೊರಿಸಬಾರದು.

ದೀಪ ಹತ್ತುವುದಿಲ್ಲ, ಫ್ಯೂಸ್ ಹಾರುತ್ತದೆ, ಹಿಂದಿನ ಸಿಗ್ನಲ್ ಸತ್ತಿದೆ

ಇಲಿಯ ಬಾಚಿಹಲ್ಲು ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತದೆ, ಕಡಿಯುವುದು ಅದರ ಸ್ವಭಾವ. ವೈರಿನ ಹೊದಿಕೆಯೂ ಅದಕ್ಕೆ ಒಂದು ಕಡ್ಡಿ ಅಷ್ಟೆ. ಆದರೂ ಚಳಿಗಾಲ ಕಳೆದ ಟ್ರೇಲರಿನಲ್ಲಿ ದೀಪ ಹತ್ತದಿರಲು ಮೊದಲ ಕಾರಣ ಬ್ಯಾಟರಿ ಇಳಿದಿರುವುದು, ಎರಡನೆಯದು ಜೋಡಣೆಗೆ ತುಕ್ಕು ಹಿಡಿದಿರುವುದು. ಆದ್ದರಿಂದ ಬ್ಯಾಟರಿಯ ವೋಲ್ಟೇಜು ಅಳೆಯಿರಿ, ಫ್ಯೂಸು ನೋಡಿ, ಕಾರಿಗೆ ಸಿಕ್ಕಿಸುವ ಏಳು ಕಡ್ಡಿಯ ಪ್ಲಗ್ಗಿನ ಹಸಿರು ಕಿಲುಬನ್ನು ಒರೆಸಿ. ಬ್ಯಾಟರಿ ಹಾಗೂ ಹೊರಗಿನ ವಿದ್ಯುತ್ತು ಎರಡರಲ್ಲೂ ಎಲ್ಲ ದೀಪಗಳು ಮಂಕಾಗಿದ್ದರೆ ಅರ್ತ್ ಜೋಡಣೆಯ ದೋಷವಿರಬಹುದು. ಒಂದೇ ದೀಪ ಅಥವಾ ಒಂದೇ ಸಾಲು ಸತ್ತು, ಅದರ ವೈರು ಹಾಯುವ ದಾರಿಯಲ್ಲಿ ಹಿಕ್ಕೆಯೂ ಇದ್ದರೆ ಇಲಿಯ ಶಂಕೆ ಬಲವಾಗುತ್ತದೆ.

ಹಾರಿದ ಫ್ಯೂಸಿನ ಜಾಗಕ್ಕೆ ಅದೇ ಆಂಪಿಯರಿನ ಹೊಸದನ್ನು ಒಮ್ಮೆ ಹಾಕಿ. ಅದೂ ಹಾರಿದರೆ ಎಲ್ಲಿಯೋ ಬೋಳಾದ ವೈರು ಲೋಹಕ್ಕೆ ತಾಗುತ್ತಿದೆ ಎಂದು ಅರ್ಥ. ದೊಡ್ಡ ಫ್ಯೂಸು ಹಾಕುವುದೆಂದರೆ ಗೋಡೆಯೊಳಗೆ ಒಲೆ ಹೂಡಿದಂತೆ. ಹನ್ನೆರಡು ವೋಲ್ಟು ಶಾಕ್ ಹೊಡೆಯದಿರಬಹುದು, ಬೆಂಕಿಯನ್ನಂತೂ ಹಚ್ಚಬಲ್ಲದು. ವೈರು ಮುಟ್ಟುವ ಮುನ್ನ ಹೊರಗಿನ ವಿದ್ಯುತ್ತಿನ ಪ್ಲಗ್ ಕಿತ್ತು, ಸೋಲಾರ್ ಇದ್ದರೆ ಅದನ್ನೂ ಕಳಚಿ, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಡಬೇಕು. ಕಣ್ಣಿಗೆ ಕಾಣುವ ಹನ್ನೆರಡು ವೋಲ್ಟಿನ ವೈರು ಕಡಿದಿದ್ದರೆ ಅದೇ ದಪ್ಪದ ತುಂಡು ಸೇರಿಸಿ, ಒತ್ತಿ ಬಿಗಿಯುವ ಕನೆಕ್ಟರ್ ಹಾಕಿ, ಬಿಸಿಗೆ ಕುಗ್ಗುವ ತೊಗಲು ಹೊದಿಸುವುದು ಮನೆಯಲ್ಲೇ ಆಗುವ ಕೆಲಸ.

ಎರಡು ಸಂದರ್ಭಗಳಲ್ಲಿ ಅಲ್ಲಿಗೇ ನಿಲ್ಲಿಸಬೇಕು. ಒಂದು, ಕಡಿದದ್ದು ಹೊರಗಿನ ವಿದ್ಯುತ್ತು ಹರಿಯುವ 120 ವೋಲ್ಟಿನ ವೈರು ಆಗಿದ್ದರೆ, ಅಥವಾ ಯಾವುದೆಂದು ತಿಳಿಯದಿದ್ದರೆ. ಇದು ಎಲೆಕ್ಟ್ರಿಷಿಯನ್ನನ ಕೆಲಸ. ಇನ್ನೊಂದು, ಬ್ರೇಕಿನ ವೈರು. ಸಣ್ಣ ಟ್ರೇಲರುಗಳ ವಿದ್ಯುತ್ ಬ್ರೇಕಿಗೆ ಹೋಗುವ ತೆಳು ವೈರು ಅಚ್ಚಿನ ಬಳಿ ಬಯಲಿನಲ್ಲೇ ತೂಗುತ್ತಿರುತ್ತದೆ. ಹೊರಡುವ ಮುನ್ನ ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ಹೋಗುತ್ತ, ಕಾರಿನೊಳಗಿನ ಬ್ರೇಕ್ ಕಂಟ್ರೋಲರಿನ ಕೈಗುಂಡಿಯನ್ನು ಮಾತ್ರ ಒತ್ತಿ ನೋಡಿ. ಟ್ರೇಲರ್ ಹಿಂದಕ್ಕೆ ಜಗ್ಗದಿದ್ದರೆ ಹೆದ್ದಾರಿಗೆ ಇಳಿಯಬೇಡಿ.

ನಲ್ಲಿ ಮುಚ್ಚಿದ್ದರೂ ಪಂಪ್ ತಾನಾಗಿ ಗುರ‍್ರೆನ್ನುತ್ತದೆ

ಎಲ್ಲಿಯೋ ನೀರು ಸೋರಿ ಒತ್ತಡ ಇಳಿಯುತ್ತಿದೆ. ಮೊದಲು ನಲ್ಲಿಗಳು, ಶೌಚಾಲಯದ ವಾಲ್ವು ಸರಿಯಾಗಿ ಮುಚ್ಚಿವೆಯೇ ನೋಡಿ. ಬಳಿಕ ಪ್ರತಿ ಜೋಡಣೆಯ ಕೆಳಗೆ ಒಣ ಕಾಗದ ಇಟ್ಟು ಅರ್ಧ ಗಂಟೆ ಬಿಡಿ. ಎಲ್ಲಿಯೂ ತೇವ ಕಾಣದಿದ್ದರೆ ಪಂಪಿನೊಳಗಿನ ವಾಲ್ವಿನ ದೋಷವಿರಬಹುದು. ಪ್ಲಾಸ್ಟಿಕ್ ಕೊಳವೆ ಸೋರುತ್ತಿದ್ದರೆ ಗಾಯದ ಗುರುತನ್ನು ಓದಬೇಕು. ಉದ್ದಕ್ಕೆ ಸೀಳಿದ್ದರೆ, ಇಲ್ಲವೇ ಜೋಡಣೆಯ ಮೂತಿ ಒಡೆದಿದ್ದರೆ ಚಳಿಗೆ ನೀರು ಗಡ್ಡೆಗಟ್ಟಿದ ಪರಿಣಾಮ. ಅದು ಇಲಿಯದಲ್ಲ, ನೀರು ಪೂರ್ತಿ ಬಸಿಯದೆ ನಿಲ್ಲಿಸಿದ ನಮ್ಮದು. ಒಂದೇ ಕಡೆ ಅಕ್ಕಪಕ್ಕ ಜೋಡಿ ಗೀರುಗಳಿದ್ದು ನಡುವೆ ಕುಳಿ ಬಿದ್ದಿದ್ದರೆ ಅದು ಹಲ್ಲಿನ ಕೆಲಸ. ಆ ತುಂಡು ಕತ್ತರಿಸಿ ಹೊಸ ಜೋಡಣೆ ಹಾಕುವುದು ಕಷ್ಟವಲ್ಲ. ಮೆತ್ತಗಾದ ನೆಲದ ಹಲಗೆ ಕಂಡರೆ ಸೋರಿಕೆ ಹಳೆಯದು. ಬೆಲೆ ಕೇಳಿ ಕುಳಿತುಕೊಳ್ಳಬೇಕಾಗಬಹುದು, ಆದರೂ ತಿಳಿದವರಿಗೆ ತೋರಿಸಿ.

ಫರ್ನೇಸಿನ ಫ್ಯಾನ್ ತಿರುಗುತ್ತದೆ, ಬಿಸಿ ಬರುವುದಿಲ್ಲ. ಅಥವಾ ಸುಟ್ಟ ವಾಸನೆ ಬರುತ್ತದೆ

ಸಿಲಿಂಡರಿನಲ್ಲಿ ಗ್ಯಾಸಿದೆಯೇ, ವಾಲ್ವು ತೆರೆದಿದೆಯೇ, ಬ್ಯಾಟರಿ ಚೆನ್ನಾಗಿದೆಯೇ ಎಂಬುದು ಮೊದಲ ಪ್ರಶ್ನೆ. ಇವೆಲ್ಲ ಸರಿಯಿದ್ದರೆ ಗಾಳಿಯ ದಾರಿ ನೋಡಬೇಕು. ಈ ಫರ್ನೇಸುಗಳಲ್ಲಿ ಗಾಳಿಯ ರಭಸಕ್ಕೆ ವಾಲಿ ಒತ್ತುವ ಪುಟ್ಟ ತಗಡಿನ ಸ್ವಿಚ್ಚೊಂದಿದೆ. ಅದು ಒತ್ತದ ಹೊರತು ಗ್ಯಾಸು ಬಿಡುಗಡೆಯಾಗುವುದಿಲ್ಲ. ಗೂಡಿನ ಕಸ ಫ್ಯಾನಿಗೋ ಸ್ವಿಚ್ಚಿಗೋ ಸಿಕ್ಕಿದರೆ ಫ್ಯಾನು ತಿರುಗುತ್ತಲೇ ಇರುತ್ತದೆ, ಬೆಂಕಿ ಹತ್ತುವುದಿಲ್ಲ. ಗಾಳಿ ಒಳಸೇರುವ ಜಾಲರಿ ತೆಗೆದು ಕಾಣುವಷ್ಟು ಕಸವನ್ನು ಒದ್ದೆ ಮಾಡಿ ತೆಗೆಯಿರಿ. ಒಂದೊಂದು ಬಿಸಿಗಾಳಿ ಬಾಯಿಗೂ ಕೈ ಹಿಡಿದು ಯಾವುದರಲ್ಲಿ ಗಾಳಿ ಮಂದವಾಗಿದೆ ನೋಡಿ. ಮಂದವಾದ ಕೊಳವೆಯಲ್ಲಿ ಗೂಡು ಇರುವ ಸಂಭವವಿದೆ.

ಬೆಂಕಿ ಉರಿಯುವ ಕೋಣೆಯನ್ನು ಮಾತ್ರ ಬಿಚ್ಚಬೇಡಿ. ಹೊಗೆಯ ದಾರಿ ಕಟ್ಟಿದ್ದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರ ಅಲಾರಂ ಕೂಗಿದರೆ, ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಎಲ್ಲರೂ ಹೊರಗೆ ಬಂದು ಅಮೆರಿಕದ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಬೇಕು. ಅಲಾರಮ್ಮಿನ ಅವಧಿಯನ್ನೂ ಅದರ ಬೆನ್ನಿನ ಮೇಲೆ ಓದಿ. ಅವು ಕೆಲವು ವರ್ಷಗಳಿಗೆ ಸಾಯುತ್ತವೆ. ಗ್ಯಾಸಿನಲ್ಲಿ ನಡೆಯುವ ಫ್ರಿಡ್ಜಿನ ಹಿಂಬದಿಗೂ ಇದೇ ಮಾತು: ಅಲ್ಲಿ ಜ್ವಾಲೆಯಿದೆ, ಹುಲ್ಲಿನ ಗೂಡು ಅದರ ಪಕ್ಕದಲ್ಲೇ ಇದ್ದರೆ ಬೆಂಕಿಗೆ ಬೇರೆ ನೆಪ ಬೇಡ. ವರ್ಷದ ಮೊದಲ ಬಾರಿ ಹಚ್ಚುವ ಮುನ್ನ ಹೊರಗಿನ ಜಾಲರಿ ಬಾಗಿಲು ತೆಗೆದು ಕಣ್ಣಾರೆ ನೋಡುವುದು ಎರಡು ನಿಮಿಷದ ಕೆಲಸ.

ಸತ್ತ ಇಲಿಯಂಥ ನಾತ

ಇಲ್ಲಿ ಕ್ರಮ ತಪ್ಪಬಾರದು. ಪ್ರೋಪೇನಿಗೆ ಸ್ವಂತ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದು ಬೆರೆಸಿದ ಗಂಧಕದ ದ್ರವ್ಯದ ವಾಸನೆ ಕೆಲವರ ಮೂಗಿಗೆ ಕೊಳೆತ ಮೊಟ್ಟೆಯಂತೆ, ಕೆಲವರಿಗೆ ಸತ್ತ ಪ್ರಾಣಿಯಂತೆ ತೋರುತ್ತದೆ. ಒಲೆಯ ಹಿಂದಿನ, ಸಿಲಿಂಡರಿನ ಬಳಿಯ ರಬ್ಬರ್ ಕೊಳವೆಯನ್ನು ಇಲಿ ಕಡಿದಿರುವ ಸಾಧ್ಯತೆಯೂ ಇರುವುದರಿಂದ, ನಾತ ಬಂದಾಗ ಇಲಿಯನ್ನು ಹುಡುಕುವ ಮುನ್ನ ಗ್ಯಾಸನ್ನು ಅನುಮಾನಿಸಬೇಕು. ಸ್ವಿಚ್ ಮುಟ್ಟದೆ ಬಾಗಿಲು ತೆರೆದು ಹೊರಬಂದು, ಸಿಲಿಂಡರಿನ ವಾಲ್ವು ಮುಚ್ಚಿ, ಗಾಳಿಯಾಡಲು ಬಿಡಿ. ಪ್ರೋಪೇನ್ ಗಾಳಿಗಿಂತ ಭಾರ, ನೆಲಮಟ್ಟದಲ್ಲಿ ನಿಲ್ಲುತ್ತದೆ. ನಿಂತ ಎತ್ತರದಲ್ಲಿ ವಾಸನೆ ಹೋಯಿತೆಂದು ನಂಬುವಂತಿಲ್ಲ. ಸಿಲಿಂಡರ್ ಮುಚ್ಚಿದ ಮೇಲೆ ನಾತ ಇಲ್ಲವಾಗಿ, ತೆರೆದಾಗ ಮರಳಿದರೆ ಅದು ಇಲಿಯ ಹೆಣವಲ್ಲ. ಹೊರಗಿನ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬಹುದು. ಹಲ್ಲಿನ ಗುರುತಿರುವ ಗ್ಯಾಸ್ ಕೊಳವೆಗೆ ಟೇಪು ಸುತ್ತುವುದು ದುರಸ್ತಿಯಲ್ಲ, ತಂತ್ರಜ್ಞರು ಕೊಳವೆಯನ್ನೇ ಬದಲಿಸಬೇಕು.

ಗ್ಯಾಸಲ್ಲ ಎಂದು ತಿಳಿದ ಮೇಲೆ ಮೂಗನ್ನು ನಂಬಿ. ಖಾರವಾದ ಮೂತ್ರದ ವಾಸನೆ ಗೂಡಿನ ಕಡೆ ಬೊಟ್ಟು ಮಾಡುತ್ತದೆ. ಹೆಣದ ನಾತ ಎರಡು ಮೂರು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಕೈಗೆಟುಕದ ಗೋಡೆಯೊಳಗೆ ಇದ್ದರೆ ಕಾಯುವುದೇ ಮೇಲು. ಹಲಗೆಗಳನ್ನೆಲ್ಲ ಕಿತ್ತು ಕೊನೆಗೆ ಬೆಟ್ಟ ಅಗೆದು ಇಲಿ ಹಿಡಿದಂತಾಗಬಾರದು.

ತೂತು ಮುಚ್ಚಿದ ಮೇಲೂ ಬೋನಿಗೆ ಬೀಳುತ್ತಲೇ ಇವೆ

ಒಳಗೇ ಸಿಕ್ಕಿಕೊಂಡವು ಮೊದಲ ವಾರ ಬೀಳುವುದು ಸಹಜ, ಅದು ಸೋಲಲ್ಲ. ಚಿಟ್ಟಿಲಿಯ ಗರ್ಭ ಮೂರು ವಾರ, ಒಂದು ಸೂಲಿಗೆ ಐದಾರು ಮರಿ. ಅಕ್ಟೋಬರಿನ ಜೋಡಿಯೊಂದು ಮಾರ್ಚಿಗೆ ಎಷ್ಟಾಗಬಹುದೆಂದು ಲೆಕ್ಕ ಹಾಕಿಕೊಳ್ಳಿ. ಹತ್ತು ದಿನ ಕಳೆದ ಮೇಲೂ ಬೀಳುತ್ತಿದ್ದರೆ ಒಂದು ತೂತು ಉಳಿದಿದೆ, ದೀಪದ ಪರೀಕ್ಷೆಯನ್ನು ಮತ್ತೆ ಮಾಡಬೇಕು.

ಸ್ಪ್ರಿಂಗ್ ಬಡಿಯುವ ಹಲಗೆಯ ಬೋನೇ ನನ್ನ ಆಯ್ಕೆ. ಇಲಿ ಗೋಡೆಯಂಚಿನಲ್ಲಿ ಓಡುತ್ತದೆ, ಆದ್ದರಿಂದ ತಿನಿಸಿನ ತುದಿ ಗೋಡೆಗೆ ತಾಗುವಂತೆ ಬೋನನ್ನು ಅಡ್ಡಲಾಗಿ ಇಡಬೇಕು. ಕಡಲೆಕಾಯಿ ಬೆಣ್ಣೆ ಬಟಾಣಿ ಕಾಳಿನಷ್ಟು ಸಾಕು. ಅಂಟಿನ ಹಲಗೆಯಲ್ಲಿಯೂ ಜೀವಂತ ಹಿಡಿಯುವ ಪಂಜರದಲ್ಲಿಯೂ ಹೆದರಿದ ಇಲಿ ಮೂತ್ರ ಮಾಡುತ್ತದೆ; ಹಂಟಾ ವೈರಸ್ಸಿರುವ ಸೀಮೆಯಲ್ಲಿ ಅದನ್ನು ಕೈಯಲ್ಲಿ ಹಿಡಿದು ಓಡಾಡುವುದು ಬೇಡ. ಸತ್ತದ್ದನ್ನು ಬ್ಲೀಚಿನ ದ್ರಾವಣದಲ್ಲಿ ತೋಯಿಸಿ, ಕೈಗವಸಿನಿಂದಲೇ ತೆಗೆಯಬೇಕು.

ಪಾಷಾಣವನ್ನು ಟ್ರೇಲರಿನೊಳಗೆ ಇಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ತಿಂದ ಇಲಿ ನಿಮಗೆ ಸಿಗುವ ಜಾಗದಲ್ಲಿ ಸಾಯುವುದಿಲ್ಲ, ಅದನ್ನು ತಿಂದ ಗೂಬೆಯೂ ನರಳುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಪ್ರಬಲ ಪಾಷಾಣಗಳ ಹೆಚ್ಚಿನ ಬಳಕೆಯನ್ನು ಕ್ಯಾಲಿಫೋರ್ನಿಯ 2021ರಿಂದ ನಿಷೇಧಿಸಿರುವುದು ಈ ಕಾರಣಕ್ಕೇ. ನುಸಿಗುಳಿಗೆಯ ಆವಿ ಮುಚ್ಚಿದ ಟ್ರೇಲರಿನಲ್ಲಿ ಮಲಗುವವರಿಗೆ ವಿಷ, ಹಾಸಿಗೆಯಿಂದ ಅದರ ವಾಸನೆ ಬೇಸಿಗೆಯಿಡೀ ಹೋಗುವುದಿಲ್ಲ. ಪುದೀನ ಎಣ್ಣೆ, ಪರಿಮಳದ ಸೋಪು, ಬಟ್ಟೆ ಒಣಗಿಸುವ ಯಂತ್ರದ ಸುಗಂಧದ ಹಾಳೆ ಇವನ್ನು ಬಹಳ ಜನ ನಂಬುತ್ತಾರೆ. ನಾನು ಇಟ್ಟ ಸುಗಂಧದ ಹಾಳೆಗಳು ಗೂಡಿನೊಳಗೆ ಹಾಸಿದ ಸ್ಥಿತಿಯಲ್ಲಿ ಸಿಕ್ಕವು. ಕಿವಿಗೆ ಕೇಳದ ಸದ್ದಿನಿಂದ ಇಲಿ ಓಡಿಸುತ್ತೇವೆನ್ನುವ ಯಂತ್ರಗಳ ತಯಾರಕರು ಮತ್ತು ಮಾರಾಟಗಾರರಿಗೆ, ಇಂಥ ಮಾತಿಗೆ ವೈಜ್ಞಾನಿಕ ಆಧಾರ ಬೇಕೆಂದು ಅಮೆರಿಕದ ವ್ಯಾಪಾರ ಆಯೋಗ 2001ರಲ್ಲಿಯೇ ಎಚ್ಚರಿಕೆಯ ಪತ್ರ ಕಳಿಸಿತ್ತು.

ನಿಲ್ಲಿಸುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ಎತ್ತರದ ಹುಲ್ಲು, ಸೌದೆಯ ರಾಶಿ, ಹಕ್ಕಿಗೆ ಕಾಳು ಹಾಕುವ ತಟ್ಟೆ ಇವುಗಳಿಂದ ದೂರ, ಜಲ್ಲಿ ಹಾಸಿದ ಬಯಲಿನಲ್ಲಿ ನಿಲ್ಲಿಸಿ. ತೂತು ಮುಚ್ಚುವ ಕೆಲಸ ಆಗಸ್ಟಿನಲ್ಲೇ ಮುಗಿಯಲಿ. ಸೆಪ್ಟೆಂಬರಿನ ಮೊದಲ ತಂಪು ರಾತ್ರಿಗಳಲ್ಲೇ ಇಲಿಗಳು ಮನೆ ಹುಡುಕಲು ಹೊರಡುತ್ತವೆ. ಅವಲಕ್ಕಿ, ರವೆ, ಚಟ್ನಿಪುಡಿ, ನಾಯಿಯ ತಿನಿಸು ಎಲ್ಲವನ್ನೂ ಮನೆಗೆ ಒಯ್ಯಿರಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಭದ್ರವಾಗಿದೆ ಎಂದುಕೊಳ್ಳಬೇಡಿ. ಶೌಚಾಲಯದ ಕಾಗದ, ದಿಂಬು, ಕಂಬಳಿಗಳೂ ಹೊರಬರಲಿ. ಚಳಿಗಾಲದಲ್ಲಿ ಎರಡು ವಾರಕ್ಕೊಮ್ಮೆ ಹೋಗಿ ಬಿಳಿ ಕಾಗದವನ್ನೂ ಬೋನುಗಳನ್ನೂ ನೋಡಿ ಬರಬೇಕು. ಹೋದ ಫೆಬ್ರವರಿಯಲ್ಲಿ ನಮ್ಮ ಸಿಂಕಿನ ಕೆಳಗಿನ ಕಾಗದದ ಮೇಲೆ ಮೂರು ಹೊಸ ಕಾಳು ಬಿದ್ದಿದ್ದವು. ಹುಡುಕಿದಾಗ, ಹಿಮಕ್ಕೆ ಕುಗ್ಗಿದ ಸೀಲಂಟು ಗ್ಯಾಸಿನ ಕೊಳವೆಯ ಸುತ್ತ ಬಿರುಕು ಬಿಟ್ಟಿತ್ತು. ಒಳಗೆ ತುಂಬಿದ್ದ ತಾಮ್ರದ ನಾರು ಅಷ್ಟೇನೂ ಬಿಗಿಯಾಗಿರಲಿಲ್ಲ. ಇನ್ನೊಂದು ಹಿಡಿ ನಾರು ತುರುಕಿ, ಬಿಸಿಲು ಬಂದ ಮಧ್ಯಾಹ್ನ ಹೊಸ ಸೀಲಂಟು ಬಳಿದೆವು. ಆಮೇಲಿನ ನಾಲ್ಕು ಭೇಟಿಗಳಲ್ಲಿ ಕಾಗದ ಬಿಳಿಯಾಗಿಯೇ ಇತ್ತು.